ನೋವು ನುಂಗಿಕೊಂಡು ಓಡಬೇಡಿ

ಓಡಲು ಶುರುಮಾಡಿ ಮೂರು ವಾರವಾಗಿದೆ, ಮೊಣಕಾಲಿನ ಕೆಳಗೆ ಮೂಳೆಯ ಒಳಬದಿ ನೋಯುತ್ತಿದೆ, ಓಡುತ್ತಾ ಹೋದರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ, ದಯವಿಟ್ಟು ಹಟಕ್ಕೆ ಬೀಳಬೇಡಿ.

ಮೊದಲು ಆ ಮೂಳೆಯ ಒಳ ಅಂಚಿನ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ನೋವು ಗೇಣುದ್ದ ಹರಡಿಕೊಂಡಿದ್ದರೆ ಅದು ಬಹುಪಾಲು ‘ಶಿನ್ ಸ್ಪ್ಲಿಂಟ್ಸ್’, ಅಂದರೆ ಓಟದ ಒತ್ತಡಕ್ಕೆ ಆ ಮೂಳೆಯ ಅಂಚಿನಲ್ಲಿ ಬರುವ ನೋವು. ಹೊಸದಾಗಿ ಓಡುವವರಲ್ಲಿ ತೀರಾ ಸಾಮಾನ್ಯ. ಒಂದೇ ಚುಕ್ಕೆಯಲ್ಲಿ ಬೆರಳಿಟ್ಟರೆ ಜೀವ ಹೋಗುವಂತಾದರೆ, ಒಂಟಿಕಾಲಿನಲ್ಲಿ ಕುಪ್ಪಳಿಸಲಾಗದಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಆಗ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣಿಸದೆಯೂ ಹೋಗಬಹುದು, ನೆನಪಿರಲಿ.

ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ, ಮೂಳೆಗೆ ತಿಂಗಳುಗಳೇ ಬೇಕು. ಇನ್ನೂ ಓಡಬಲ್ಲೆ ಎಂದು ನಿಮಗೆ ಅನ್ನಿಸುವುದು ಅದಕ್ಕೇ. ನೋವು ಇಳಿಯುವವರೆಗೆ ಸೈಕಲ್ ತುಳಿಯಿರಿ ಅಥವಾ ಈಜಿ. ಮತ್ತೆ ಶುರುಮಾಡುವಾಗ 1 ನಿಮಿಷ ಓಟ, 2 ನಿಮಿಷ ನಡಿಗೆ, ದಿನ ಬಿಟ್ಟು ದಿನ. ಹೆಜ್ಜೆ ಚಿಕ್ಕದಿರಲಿ, ಪಾದವನ್ನು ದೇಹಕ್ಕಿಂತ ಬಹಳ ಮುಂದಕ್ಕೆ ಊರಿದಷ್ಟೂ ಏಟು ಮೂಳೆಗೇ. ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸುವ ವ್ಯಾಯಾಮದಿಂದ ಮೀನಖಂಡ ಗಟ್ಟಿಯಾಗುತ್ತದೆ, ಅದನ್ನು ತಪ್ಪಿಸಬೇಡಿ. ಹೊಸ ಶೂ ಕೊಳ್ಳುವ ಯೋಚನೆ ಆಮೇಲೆ ಮಾಡಿದರಾಯಿತು.