ಕಪ್ಪೆ ಬಿಡಿ, ಹಣದ ಚೀಲ ನೋಡಿ

ಯುರೋಪಿನ ಹಳೆಯ ಚಿತ್ರಗಳಲ್ಲಿ ಬರುವ ಬೀದಿ ಮೋಸಗಾರರ ಬಗ್ಗೆ ಬರೆದಾಗಲೆಲ್ಲ ಇವೇ ಪ್ರಶ್ನೆಗಳು. ಈ ಸಲ ಎಲ್ಲಕ್ಕೂ ಒಟ್ಟಿಗೆ ಉತ್ತರಿಸಿ ಕೈತೊಳೆದುಕೊಳ್ಳುತ್ತೇನೆ.

ಪ್ರಶ್ನೆ: ಡಚ್ ಚಿತ್ರಕಾರ ಹಿರೋನಿಮಸ್ ಬಾಷ್‌ನ ‘ಗಾರುಡಿಗ’ ಚಿತ್ರದಲ್ಲಿ ಬಗ್ಗಿ ನಿಂತವನ ಬಾಯಿಂದ ಕಪ್ಪೆ ಬರುತ್ತಿದೆಯಲ್ಲ, ಅದರ ಗೂಢಾರ್ಥವೇನು?

ಮತ್ತೆ ಕಪ್ಪೆ! ಅದು ಸೈತಾನ, ಅದು ಪಾಪ, ಅದು ಮೌಢ್ಯ ಎಂದು ವಿವರಿಸುವ ವಿಡಿಯೊಗಳು ಬೇಕಾದಷ್ಟಿವೆ, ನೋಡಿಕೊಳ್ಳಿ. ನೀವು ಕಪ್ಪೆ ನೋಡುವಷ್ಟರಲ್ಲಿ ಅವನ ಹಣದ ಚೀಲ ಹೋಗಿಯಾಯಿತು. ಹಿಂದೆ ನಿಂತಿರುವ ಕನ್ನಡಕದವನನ್ನು ಗಮನಿಸಿದಿರಾ? ಮುಖ ಆಕಾಶಕ್ಕೆ, ಕೈ ಚೀಲಕ್ಕೆ. ಗಾರುಡಿಗ ಬೆರಳ ತುದಿಯಲ್ಲಿ ಗುಂಡು ಎತ್ತಿ ಹಿಡಿದಿದ್ದಾನೆ, ಮೇಜಿನ ಮೇಲೆ ಬಟ್ಟಲುಗಳಿವೆ, ಸೊಂಟದ ಬುಟ್ಟಿಯಿಂದ ಗೂಬೆ ಇಣುಕುತ್ತಿದೆ. ಇಷ್ಟೆಲ್ಲ ಇರುವುದೇ ನಮ್ಮ ಕಣ್ಣನ್ನು ಅಲ್ಲಿ ಕಟ್ಟಿಹಾಕಲು ಎಂದು ನನ್ನ ಅಂದಾಜು. ಚಿತ್ರಕಾರ ಗಾರುಡಿಗನನ್ನು ಬಲಗಡೆ ಒಂಟಿಯಾಗಿ ನಿಲ್ಲಿಸಿ, ಎಡಗಡೆ ಇಡೀ ಗುಂಪನ್ನು ಒತ್ತೊತ್ತಾಗಿ ತುಂಬಿದ್ದಾನೆ. ಅವನ ಆಸಕ್ತಿ ಇರುವುದು ಮೋಸಹೋಗುವವರ ಮುಖಗಳಲ್ಲಿ. ಇಟಲಿಯ ಚಿತ್ರಕಾರ ಜಾನ್‌ಡೊಮೆನಿಕೊ ಟಿಯೆಪೊಲೊ 1791ರಲ್ಲಿ ಇನ್ನೂ ಮುಂದೆ ಹೋದ: ಇಣುಕಿ ಚಿತ್ರ ನೋಡುವ ತಮಾಷೆ ಪೆಟ್ಟಿಗೆಗೆ ಮುಗಿಬಿದ್ದ ಜನರ ಬೆನ್ನುಗಳನ್ನು ಬರೆದ, ಪೆಟ್ಟಿಗೆಯೊಳಗೆ ಏನಿದೆ ಎಂದು ತೋರಿಸಲೇ ಇಲ್ಲ. ವೆನಿಸ್‌ನ ಕಾ ರೆಟ್ಸೋನಿಕೊ ವಸ್ತುಸಂಗ್ರಹಾಲಯದಲ್ಲಿದೆ, ಹೋದರೆ ನೋಡಿ.

ಗಾರುಡಿಗ, ಕಳ್ಳ ಇಬ್ಬರೂ ಪಾಲುದಾರರು ಎಂದು ಆಣೆ ಮಾಡಿ ಹೇಳುವವರಿದ್ದಾರೆ. ಇರಬಹುದು. ಆದರೆ ಅವರಿಬ್ಬರ ನಡುವೆ ಒಂದು ಕಣ್ಸನ್ನೆಯೂ ಚಿತ್ರದಲ್ಲಿಲ್ಲ, ನಾನಂತೂ ಆಣೆ ಮಾಡುವುದಿಲ್ಲ. ‘ಬಾಷ್‌ನ’ ಎನ್ನುವಾಗಲೂ ಸ್ವಲ್ಪ ತಡೆಯಿರಿ: ಇದು ಅವನ ಕೈಕೆಲಸವಲ್ಲ, ಅವನ ಹಾದಿ ಹಿಡಿದವರದ್ದು ಎನ್ನುವ ತಜ್ಞರು ಹಲವರು. ಅಂದಹಾಗೆ, ಪ್ಯಾರಿಸ್ ಬಳಿಯ ಸಾಂ-ಜರ್ಮೆನ್-ಆಂ-ಲೇ ಪಟ್ಟಣಕ್ಕೆ ಸೇರಿದ ಈ ಕಳ್ಳತನದ ಚಿತ್ರವನ್ನೇ 1978ರಲ್ಲಿ ಯಾರೋ ಕದ್ದರು. ಮರುವರ್ಷ ಸಿಕ್ಕಿತು.

ಪ್ರಶ್ನೆ: ಮ್ಯಾಡ್ರಿಡ್‌ನ ಪ್ರಾಡೊ ವಸ್ತುಸಂಗ್ರಹಾಲಯದಲ್ಲಿರುವ ಬಾಷ್ ಚಿತ್ರದಂತೆ, ಹುಚ್ಚು ಬಿಡಿಸಲು ತಲೆ ಕೊಯ್ದು ಕಲ್ಲು ತೆಗೆಯುತ್ತಿದ್ದರೇ?

ಆ ಅಳಲೆಕಾಯಿ ಪಂಡಿತ ತಲೆಗೆ ಆಲಿಕೆ ಕವುಚಿಕೊಂಡಿದ್ದಾನೆ, ಗಾಯದಿಂದ ಬರುತ್ತಿರುವುದು ಹೂವು. ಇದನ್ನು ವೈದ್ಯಕೀಯ ದಾಖಲೆ ಎನ್ನುವವರಿಗೆ ದೊಡ್ಡ ನಮಸ್ಕಾರ.

ಪ್ರಶ್ನೆ: ಡಚ್ ಚಿತ್ರಕಾರ ಖೆರಿಟ್ ಡೌ 1652ರ ಚಿತ್ರದಲ್ಲಿ ನಕಲಿ ವೈದ್ಯನ ಹಿಂದಿನ ಕಿಟಕಿಯಲ್ಲಿ ತನ್ನನ್ನೇ ಏಕೆ ಬರೆದುಕೊಂಡ?

ಚಿತ್ರಕಾರನೂ ಕಣ್ಕಟ್ಟಿನವನೇ ಎಂದೋ, ನಾನು ಇವನಂಥವನಲ್ಲ ಎಂದೋ. ನನಗೆ ಮೊದಲನೆಯದೇ ಇಷ್ಟ.

ಪ್ರಶ್ನೆ: ಬಾಷ್‌ನ ‘ಮೂಲಚಿತ್ರ’ ಪ್ರಮಾಣಪತ್ರ ಸಮೇತ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಲೇ?

ಬೇಡ. ಡೌ ಬರೆದ ನಕಲಿ ವೈದ್ಯನ ಮೇಜಿನ ಮೇಲೂ ಮೊಹರು ಒತ್ತಿದ ಪ್ರಮಾಣಪತ್ರವಿದೆ.