ಲಾಫ್ಟ್ ಮನೆ ಕೊಳ್ಳುವ ಮುಂಚೆ ಮಾರುವ ದಿನದ ಯೋಚನೆ ಇರಲಿ
ಓದುಗರ ಪ್ರಶ್ನೆಗೆ ಮನೆ ಮೌಲ್ಯಮಾಪಕರ ಉತ್ತರ

ಪ್ರಶ್ನೆ: ಹಳೆ ಗೋದಾಮನ್ನು ಅಪಾರ್ಟ್‌ಮೆಂಟ್ ಮಾಡಿದ ಕಟ್ಟಡದಲ್ಲಿ ಒಂದು ಲಾಫ್ಟ್, ಅಂದರೆ ಒಳಗೋಡೆಗಳಿಲ್ಲದೆ ಒಂದೇ ಹಾಲ್ ಥರ ಇರುವ ಮನೆ, ನೋಡಿದ್ದೇವೆ. 14 ಅಡಿ ಎತ್ತರದ ಸೀಲಿಂಗ್, ಬರಿ ಇಟ್ಟಿಗೆ ಗೋಡೆ, ದೊಡ್ಡ ಕಿಟಕಿ, ಮಲಗಲು ಅಟ್ಟ. ‘ಇಂಥ ಮನೆ ಇನ್ನು ಯಾರೂ ಕಟ್ಟೋದಿಲ್ಲ, ಬೆಲೆ ಇಳಿಯೋ ಮಾತೇ ಇಲ್ಲ’ ಅಂತಾರೆ ಏಜೆಂಟರು. ನಂಬಬಹುದಾ?

ಉತ್ತರ: ನಂಬಬೇಡಿ. ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಎಲ್ಲರೂ ಸೀಲಿಂಗ್, ಇಟ್ಟಿಗೆ, ಕಿಟಕಿ ಅನ್ನುತ್ತಾರೆ. ಕಾಗದಪತ್ರದ ಸುದ್ದಿ ಯಾರೂ ಎತ್ತುವುದಿಲ್ಲ. ಗೋದಾಮನ್ನು ವಾಸಕ್ಕೆ ಬದಲಾಯಿಸಲು ಅನುಮತಿ ಸಿಕ್ಕಿದೆಯಾ? ಇಡೀ ಕಟ್ಟಡಕ್ಕಾ, ಕೆಲವು ಮಹಡಿಗೆ ಮಾತ್ರವಾ? ಅದಿಲ್ಲದಿದ್ದರೆ ನಾಳೆ ನಿಮ್ಮಿಂದ ಕೊಳ್ಳುವವರಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಆಗ ಪೂರ್ತಿ ಹಣ ಕೈಯಲ್ಲಿ ಇದ್ದವರು ಮಾತ್ರ ಬರುತ್ತಾರೆ. ಅವರು ಬೆಲೆ ಇಳಿಸದೆ ಬಿಡುವುದಿಲ್ಲ.

ನ್ಯೂಯಾರ್ಕ್‌ನ ಸೋಹೊ ಬಡಾವಣೆ ನೋಡಿ. 1960ರ ದಶಕದಲ್ಲಿ ಕಲಾವಿದರು ಅಲ್ಲಿನ ಖಾಲಿ ಕಾರ್ಖಾನೆಗಳಲ್ಲಿ ಅನುಮತಿ ಇಲ್ಲದೆಯೇ ವಾಸಕ್ಕೆ ಸೇರಿಕೊಂಡರು. 1971ರಲ್ಲಿ ನಗರಾಡಳಿತ ಒಪ್ಪಿದ್ದು ಕೂಡ ಕಲಾವಿದರೆಂದು ಪ್ರಮಾಣಪತ್ರ ಪಡೆದವರಿಗೆ ಮಾತ್ರ. ಆಮೇಲೆ ಕೊಂಡ ಎಷ್ಟೋ ಜನರ ಹತ್ತಿರ ಆ ಪತ್ರ ಇರಲಿಲ್ಲ. 2021ರಲ್ಲಿ ನಿಯಮ ಬದಲಾಯಿತು. ಆದರೆ ಅಂಥ ಮನೆಯನ್ನು ಮಾಮೂಲಿ ವಾಸದ ಮನೆ ಮಾಡಿಕೊಳ್ಳಲು ಚದರಡಿ ಲೆಕ್ಕದಲ್ಲಿ ಕಲೆಗೆ ಮೀಸಲಾದ ನಿಧಿಗೆ ಹಣ ಕಟ್ಟಬೇಕು ಎಂದಾಯಿತು. 50 ವರ್ಷದ ಹಿಂದಿನ ಷರತ್ತು ಇವತ್ತಿನ ಮಾಲೀಕರ ಜೇಬಿಗೆ ಬಂತು.

ಇನ್ನು ಅಟ್ಟ. ಅಲ್ಲಿ ನೆಟ್ಟಗೆ ನಿಲ್ಲಲು ಆಗುತ್ತಾ? ಆಗದಿದ್ದರೆ ಅದು ರೂಮಲ್ಲ. ನಾನಂತೂ ಕಾರ್ಪೆಟ್ ಏರಿಯಾಕ್ಕೆ (ಮನೆಯೊಳಗೆ ಬಳಸಲು ಸಿಗುವ ನೆಲದ ಅಳತೆಗೆ) ಸೇರಿಸುವುದಿಲ್ಲ. ಅಟ್ಟ ಬಿಟ್ಟು ಅಳತೆ ಮಾಡಿಸಿ, ಆಮೇಲೆ ದರ ಮಾತಾಡಿ.

ಬೆಳಕನ್ನೂ ನೋಡಿ. ಕಿಟಕಿಯ ಮೇಲಂಚು ನೆಲದಿಂದ 10 ಅಡಿ ಇದ್ದರೆ ಒಳ್ಳೆ ಬೆಳಕು ಒಳಗೆ ಬರುವುದು ಹೆಚ್ಚೆಂದರೆ 20-25 ಅಡಿ. ಗೋದಾಮು ಅದಕ್ಕಿಂತ ಎಷ್ಟೋ ಉದ್ದ ಇರಬಹುದು. ಮಕ್ಕಳಿರುವವರು ಮನೆ ನೋಡಲು ಬಂದರೆ ಮೊದಲು ಕೇಳುವುದು ಬಾಗಿಲಿರುವ ರೂಮು. ಗೋಡೆ ಎಬ್ಬಿಸಿದರೆ ಒಳಗಿನ ರೂಮು ಕತ್ತಲು, ಎಬ್ಬಿಸದಿದ್ದರೆ ಅವರು ವಾಪಸ್. ಲಾಫ್ಟ್ ಇಷ್ಟಪಡುವವರು ಜಾಸ್ತಿನೇ ಇಷ್ಟಪಡುತ್ತಾರೆ, ಒಪ್ಪುತ್ತೇನೆ. ಆದರೆ ಅಂಥವರು ಕಮ್ಮಿ. ಮಾರುಕಟ್ಟೆ ಮಂದವಾದಾಗ ಅಂಥ ಒಬ್ಬರಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಇಟ್ಟಿಗೆ ಗೋಡೆಗೆ ಮಾರುಹೋಗುವ ಮುಂಚೆ ಮುಟ್ಟಿ ನೋಡಿ. ಈಚೆಗೆ ಒಂದು ಲಾಫ್ಟ್‌ನಲ್ಲಿ ಬೀಗದ ಕೈಯಿಂದ ಗೋಡೆಯನ್ನು ಮೆಲ್ಲಗೆ ಗೀರಿದೆ. ಕೆಂಪು ಪುಡಿ ಸುರ್ರಂತ ಉದುರಿ ಸೋಫಾ ಮೇಲೆ ಬಿತ್ತು. ಹಳೆ ಬಣ್ಣ ತೆಗೆಯಲು ಯಂತ್ರದಿಂದ ಮರಳು ಹೊಡೆಸಿದ್ದರು. ಹಾಗೆ ಮಾಡಿದರೆ ಇಟ್ಟಿಗೆಯ ಸುಟ್ಟು ಗಟ್ಟಿಯಾದ ಮೈ ಹೋಗಿ ಒಳಗಿನ ಮೆತ್ತನೆ ಭಾಗ ನೀರು ಕುಡಿಯತೊಡಗುತ್ತದೆ. ಸುಣ್ಣದ ಗಾರೆ ಇದ್ದ ಸಂದಿಗೆ ಸಿಮೆಂಟ್ ತುಂಬಿದ್ದರೆ ಇನ್ನೂ ಕೆಟ್ಟದು. ತೇವ ಸಂದಿಯಿಂದ ಹೊರಗೆ ಹೋಗಲಾರದೆ ಇಟ್ಟಿಗೆಯೇ ಪದರ ಪದರ ಉದುರುತ್ತದೆ. ಅದರ ಮೇಲೆ ವಾರ್ನಿಷ್ ಬಳಿದು ‘ಸೀಲ್ ಮಾಡಿದ್ದೇವೆ, ನೂರು ವರ್ಷ ಚಿಂತೆಯಿಲ್ಲ’ ಅನ್ನುವ ಕಂಟ್ರಾಕ್ಟರನ್ನು ಬಾಗಿಲಲ್ಲೇ ನಿಲ್ಲಿಸಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತೋರಿಸುವ ಅಂದಾಜು ಬೆಲೆ ಸರಿನಾ?

ಉತ್ತರ: ಅಲ್ಲ. ಅದೇ ಕಟ್ಟಡದಲ್ಲಿ ಈಚೆಗೆ ಮಾರಿದ ಮನೆಗಳ ನೋಂದಣಿ ಬೆಲೆ ನೋಡಿ.

ಪ್ರಶ್ನೆ: ಹೊಸದಾಗಿ ಲಾಫ್ಟ್ ಥರ ಕಟ್ಟಿದ ಮನೆಗೂ ಜಾಸ್ತಿ ಕೊಡಬೇಕಾ?

ಉತ್ತರ: ಸೀಲಿಂಗ್ ಎತ್ತರ ಇದ್ದರೂ ಅದು ಫ್ಲಾಟೇ. ಫ್ಲಾಟಿನ ಬೆಲೆ ಕೊಡಿ.

ಪ್ರಶ್ನೆ: ಮಾರುವ ಮುಂಚೆ ಅಡುಗೆಮನೆ ಹೊಸದು ಮಾಡಿಸಲಾ?

ಉತ್ತರ: ಬೇಡ. ಆ ದುಡ್ಡಲ್ಲಿ ತುಕ್ಕು ಹಿಡಿದ ಕಿಟಕಿ ಸರಿಮಾಡಿಸಿ.

ಪ್ರಶ್ನೆ: ನಾವು ನೋಡಿದ ಕಟ್ಟಡದಲ್ಲಿ ಹಿಂದೆ ಲೋಹದ ಬಿಡಿಭಾಗ ತೊಳೆಯುತ್ತಿದ್ದರಂತೆ. ತೊಂದರೆ ಇದೆಯಾ?

ಉತ್ತರ: ಇರಬಹುದು. ಜಿಡ್ಡು ತೆಗೆಯಲು ಬಳಸುತ್ತಿದ್ದ ದ್ರಾವಕಗಳು ಮಣ್ಣಲ್ಲಿ ಎಷ್ಟೋ ವರ್ಷ ಉಳಿಯುತ್ತವೆ, ಅವುಗಳ ಆವಿ ನೆಲದ ಬಿರುಕಿನಿಂದ ಒಳಗೆ ಬರುತ್ತದೆ. ‘ವಾಸನೆ ಇಲ್ಲವಲ್ಲ’ ಅಂತ ಸುಮ್ನೆ ಕೂರಬೇಡಿ. ಮಣ್ಣು ಮತ್ತು ಒಳಗಿನ ಗಾಳಿ ಎರಡನ್ನೂ ಪರೀಕ್ಷೆ ಮಾಡಿಸಿ. ವರದಿ ಕೈಗೆ ಬರುವ ತನಕ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.