ಆ ಹಾಳೆ ಖಾಲಿ ಬಿಟ್ಟಿದ್ದು ತಪ್ಪಾ?

ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಓದುಗರೊಬ್ಬರು ಎರಡೂವರೆ ಪುಟದ ಪತ್ರ ಬರೆದಿದ್ದಾರೆ. ವಯಸ್ಸು 27, ಊರು ಚಳ್ಳಕೆರೆ ಕಡೆ. ಲಗ್ಗೆರೆಯಲ್ಲಿ ನಾಲ್ಕು ಜನ ಸೇರಿ ರೂಮು ಮಾಡಿಕೊಂಡಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಪತ್ರದಲ್ಲಿರುವುದು ಇಷ್ಟು. ಕಂಪನಿಯಲ್ಲಿ ಒಂದು ದಿನದ ಟ್ರೇನಿಂಗ್ ಇತ್ತು. ಬಂದವರು ಒಂದೊಂದು ಹಾಳೆ ಹಂಚಿ, ‘ಐದು ವರ್ಷಕ್ಕೆ ನೀವು ಏನಾಗಿರಬೇಕು, ಬರೀರಿ’ ಎಂದರು. ಪಕ್ಕದವನು ‘ಸ್ವಂತ ಮನೆ, ಕಾರು’ ಅಂತ ಬರೆದ. ಇವರಿಗೆ ಏನೂ ಹೊಳೆಯಲಿಲ್ಲ. ಹಾಳೆ ಖಾಲಿ ವಾಪಸ್ ಕೊಟ್ಟರು. ಆಗ ಟ್ರೇನಿಂಗಿನವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಥೆ ಹೇಳಿದರಂತೆ. 1953ರಲ್ಲಿ ಅಲ್ಲಿ ಪಾಸಾದವರಲ್ಲಿ ಗುರಿ ಬರೆದಿಟ್ಟುಕೊಂಡಿದ್ದವರು ನೂರಕ್ಕೆ ಮೂರೇ ಜನ. ಇಪ್ಪತ್ತು ವರ್ಷ ಬಿಟ್ಟು ನೋಡಿದರೆ, ಆ ಮೂರು ಜನರ ಆಸ್ತಿ ಉಳಿದ 97 ಜನರ ಒಟ್ಟು ಆಸ್ತಿಗಿಂತ ಜಾಸ್ತಿ. ‘ಸರ್, ಹಾಗಾದರೆ ನಾನು ಆ 97ರಲ್ಲಿ ಒಬ್ಬನಾ? ಗುರಿ ಇಲ್ಲದೇ ಇರೋದು ತಪ್ಪಾ?’ ಅಂತ ಕೇಳಿದ್ದಾರೆ.

ಮೊದಲು ಆ ಕಥೆಯನ್ನು ಮುಗಿಸಿಬಿಡೋಣ. ಅಂಥ ಅಧ್ಯಯನ ನಡೆದೇ ಇಲ್ಲ. ಪತ್ರಕರ್ತರು ಬೆನ್ನು ಹತ್ತಿ ಕೇಳಿದ್ದಾರೆ, ಯೇಲ್‌ನವರೂ ಹುಡುಕಿ ನೋಡಿದ್ದಾರೆ. ಎಲ್ಲೂ ಏನೂ ಸಿಗಲಿಲ್ಲ. ಕೆಲವರು ಹೇಳುವಾಗ ಯೇಲ್ ಹೋಗಿ ಹಾರ್ವರ್ಡ್ ಆಗುತ್ತದೆ, ನೂರಕ್ಕೆ ಮೂರು ಮಾತ್ರ ಹಾಗೇ ಉಳಿಯುತ್ತದೆ. ನಮ್ಮ ಟೇಬಲ್ಲಿಗೂ ಈ ಕಥೆ ಹೊತ್ತ ಲೇಖನಗಳು ಆಗಾಗ ಬರುತ್ತವೆ. ಆ ಪ್ಯಾರಾ ಹೊಡೆದು ಹಾಕುತ್ತೇನೆ. ಒಂದು ಸಲ ಹೊಡೆಯದೆ ಬಿಟ್ಟು ಅಚ್ಚಾಗಿಹೋಯಿತು. ಅದು ನನ್ನದೇ ತಪ್ಪು.

ಹಾಗಂತ ಗುರಿಯಿಂದ ಏನೂ ಆಗುವುದಿಲ್ಲ ಅಂತಲ್ಲ. ನಿಜವಾಗಿ ನಡೆದ ಅಧ್ಯಯನಗಳೂ ಇವೆ. ಮಷೀನ್ ಮುಂದೆ ನಿಲ್ಲುವ ನಿಮಗೆ ಲಾರಿಯವರ ಕಥೆ ಹಿಡಿಸಬಹುದು. ಅಮೆರಿಕದ ಓಕ್ಲಹೋಮದಲ್ಲಿ ಕಾಡಿನಿಂದ ದಿಮ್ಮಿ ಸಾಗಿಸುವ ಡ್ರೈವರ್‌ಗಳು ಇದ್ದರು. ಕಾನೂನು ಎಷ್ಟು ತೂಕ ಒಪ್ಪುತ್ತದೋ ಅದರಲ್ಲಿ ಶೇ. 60ರಷ್ಟು ಮಾತ್ರ ಲೋಡ್ ಮಾಡುತ್ತಿದ್ದರು. ‘ಆದಷ್ಟು ಚೆನ್ನಾಗಿ ಮಾಡ್ರಪ್ಪಾ’ ಎಂದರೆ ಏನೂ ಬದಲಾಗುತ್ತಿರಲಿಲ್ಲ. ಗ್ಯಾರಿ ಲೇಥಮ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರ ಒಂದು ಅಂಕಿ ಕೊಟ್ಟರು: ಶೇ. 94. ಇದಕ್ಕೆ ಬೋನಸ್ ಗೀನಸ್ ಏನೂ ಇರಲಿಲ್ಲ. ಕೆಲವು ತಿಂಗಳಲ್ಲಿ ಲೋಡ್ 90 ದಾಟಿತು. 1975ರಲ್ಲಿ ಇದರ ವರದಿ ಬಂತು.

ಆದರೆ ಆ ಡ್ರೈವರ್‌ಗೆ ಲೋಡ್ ಮಾಡುವ ಕೆಲಸ ಮೊದಲೇ ಗೊತ್ತಿತ್ತು. ಲಾರಿ ಅವನ ಕೈಯಲ್ಲೇ ಇತ್ತು. ತೂಕ ಎಷ್ಟಾಯಿತು ಅನ್ನುವುದು ಆಮೇಲೆ ಅವನಿಗೇ ತಿಳಿಯುತ್ತಿತ್ತು. ನಿಮಗೆ ಕೊಟ್ಟ ಹಾಳೆಯಲ್ಲಿ ಇದ್ಯಾವುದೂ ಇರಲಿಲ್ಲ. ವಾರಕ್ಕೊಂದು ಶಿಫ್ಟು, ತಿಂಗಳ ಮೊದಲ ವಾರ ಊರಿಗೆ ದುಡ್ಡು, ರಾತ್ರಿ ಪಕ್ಕದ ಹಾಸಿಗೆಯವನ ಗೊರಕೆ. ಇದರ ಮಧ್ಯೆ ಇರುವವನನ್ನು ‘ಐದು ವರ್ಷಕ್ಕೆ ಏನಾಗ್ತೀಯ’ ಅಂದರೆ ಏನು ಬರೀಬೇಕು? ಸುಮ್ನೆ ‘ಕಾರು’ ಅಂತ ಬರೆಯುವುದಕ್ಕಿಂತ ಖಾಲಿ ಕೊಟ್ಟಿದ್ದೇ ವಾಸಿ. ಅದರಲ್ಲಿ ನನಗೆ ತಪ್ಪು ಕಾಣಲಿಲ್ಲ.

ಬರೆದವನ ಕಥೆಯನ್ನೂ ಕೇಳಿ. ಮೂವತ್ತರ ವಯಸ್ಸಿನಲ್ಲಿ ನಾನು ಅವೆನ್ಯೂ ರೋಡಿಗೆ ಹೋಗಿ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ತಂದೆ. ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ ಬರೆದೆ: ‘ಒಂದು ವರ್ಷದಲ್ಲಿ ಒಂದು ಕಾದಂಬರಿ.’ ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ಕಾಫಿಗೆ ಹೋದಾಗ ‘ಏನ್ ಸ್ವಾಮಿ, ಕಾದಂಬರಿ ಎಲ್ಲಿಗೆ ಬಂತು’ ಎಂದು ಕೇಳುತ್ತಿದ್ದರು. ಹಾಗೆ ಕೇಳಿಸಿಕೊಳ್ಳುವುದರಲ್ಲೇ ಒಂದು ಸುಖ ಇತ್ತು. ಅರ್ಧ ಕಾದಂಬರಿ ಬರೆದಷ್ಟೇ ಖುಷಿ. ಬರೆದಿದ್ದು ಹನ್ನೊಂದು ಪುಟ. ಉಳಿದ ಹಾಳೆಗಳಲ್ಲಿ ಮನೆಯವರು ಹಾಲಿನ ಲೆಕ್ಕ ಬರೆದರು.

ಅದೇ ಆಫೀಸಿನಲ್ಲಿ ಪ್ರೂಫ್ ನೋಡುವವರೊಬ್ಬರು ಇದ್ದರು. ನಾವೆಲ್ಲ ಮೇಷ್ಟ್ರು ಅಂತ ಕರೆಯುತ್ತಿದ್ದೆವು. ನಲವತ್ತು ದಾಟಿತ್ತು. ಮಧ್ಯಾಹ್ನ ಊಟ ಆದ ಮೇಲೆ ಡಬ್ಬಿ ತೊಳೆದು, ಕಿಟಕಿಯ ಮೇಲೆ ಬೋರಲು ಹಾಕಿ, ಒಂದು ಪುಸ್ತಕ ತೆಗೆಯುತ್ತಿದ್ದರು. ಇಪ್ಪತ್ತು ನಿಮಿಷ. ಡಬ್ಬಿಯ ನೀರು ಆರುವ ಹೊತ್ತಿಗೆ ಪುಸ್ತಕ ಮುಚ್ಚಿ ಮತ್ತೆ ಪ್ರೂಫ್ ಹಿಡಿಯುತ್ತಿದ್ದರು. ಏನು ಓದ್ತಾರೆ ಅಂತ ನಾವ್ಯಾರೂ ಕೇಳಿರಲಿಲ್ಲ. ಒಂದು ದಿನ ಮೈಸೂರು ಪಾಕ್ ತಂದು ಹಂಚಿದರು. ಮುಕ್ತ ವಿಶ್ವವಿದ್ಯಾಲಯದಲ್ಲಿ ಕಟ್ಟಿ ಬಿ.ಎ. ಮುಗಿಸಿದ್ದರು.

ಮೇಷ್ಟ್ರು ಮಾಡಿದ್ದಕ್ಕೆ ಒಂದು ಶಾಸ್ತ್ರವೇ ಇದೆ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷಕ್ಕೆ. ಪೀಟರ್ ಗೋಲ್‌ವಿಟ್ಸರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಹೇಳುವುದು ಇದು: ‘ಓದಬೇಕು’ ಅಂದುಕೊಂಡರೆ ಸಾಲದು. ‘ಇದು ಆದ ಕೂಡಲೇ ಅದು ಮಾಡ್ತೀನಿ’ ಅಂತ ದಿನ ನಡೆಯುವ ಯಾವುದಾದರೂ ಒಂದಕ್ಕೆ ಅದನ್ನು ಗಂಟು ಹಾಕಬೇಕು. ಡಬ್ಬಿ ತೊಳೆದ ಕೂಡಲೇ ಪುಸ್ತಕ. 2002ರಲ್ಲಿ ಬ್ರಿಟನ್ನಿನ ಕೆಲವರು ಇದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ಬರೆದರು. ವಾರದಲ್ಲಿ ಒಂದು ಸಲ ಇಪ್ಪತ್ತು ನಿಮಿಷ ವ್ಯಾಯಾಮ ಮಾಡಬೇಕು, ಅಷ್ಟೇ. ಏನೂ ಹೇಳದೆ ಬಿಟ್ಟ ಗುಂಪಿನಲ್ಲಿ ಶೇ. 38 ಜನ ಮಾಡಿದರು. ವ್ಯಾಯಾಮದ ಲಾಭ ಓದಿಸಿ ಹುರಿದುಂಬಿಸಿದ ಗುಂಪಿನಲ್ಲಿ ಶೇ. 35. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಅಂತ ಬರೆಸಿಕೊಂಡ ಗುಂಪಿನಲ್ಲಿ ಶೇ. 91. ಹುರಿದುಂಬಿಸಿದ ಗುಂಪಿನ ಅಂಕಿಯನ್ನು ಇನ್ನೊಂದು ಸಲ ನೋಡಿ. ನಿಮ್ಮ ಕಂಪನಿಯವರಿಗೂ ತೋರಿಸಬಹುದು.

ಇನ್ನು ನಿಮ್ಮ ವಿಷಯ. ಪತ್ರದ ಎರಡನೇ ಪುಟದ ಕೆಳಗೆ ಒಂದು ಸಾಲು ಬರೆದು ಗೀಟು ಹೊಡೆದಿದ್ದೀರಿ. ನಮಗೆ ಹೊಡೆದು ಹಾಕಿದ್ದನ್ನೇ ಮೊದಲು ಓದುವ ಚಾಳಿ. ಕ್ಷಮಿಸಿ, ಓದಿಬಿಟ್ಟೆ. ‘ಡಿಪ್ಲೊಮಾ ಮೆಕ್ಯಾನಿಕಲ್, ಮ್ಯಾಥ್ಸ್ ಮತ್ತು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಎರಡು ಸಬ್ಜೆಕ್ಟ್ ಉಳಿದಿದೆ, ಅದು ಹಳೇ ವಿಷಯ ಬಿಡಿ ಸರ್.’

ಬಿಡೋದು ಹೇಗೆ? ಗುರಿಯೇ ಇಲ್ಲ ಅನ್ನುವವರು ಆರು ವರ್ಷ ಆದ ಮೇಲೂ ಉಳಿದ ಸಬ್ಜೆಕ್ಟಿನ ಹೆಸರು ಪೂರ್ತಿ ಬರೀತಾರಾ? ಅದೇ ನಿಮ್ಮ ಗುರಿ ಅಂತ ನಾನು ತೀರ್ಮಾನ ಮಾಡುವುದಿಲ್ಲ, ಅದು ನಿಮಗೆ ಬಿಟ್ಟದ್ದು. ಆದರೆ ಐದು ವರ್ಷದ ಹಾಳೆಗಿಂತ ಇದು ಲಾರಿಯ ಲೋಡಿಗೆ ಹತ್ತಿರ. ಸಬ್ಜೆಕ್ಟು ಎರಡೇ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಅನ್ನು ಆಗ ಬೋರ್ಡಿನ ಮೇಲೆ ನೋಡಿದ್ದಿರಿ, ಈಗ ದಿನಾ ಕೈಯಲ್ಲಿ ಕಬ್ಬಿಣ ಹಿಡಿಯುತ್ತೀರಿ. ಡಿಪ್ಲೊಮಾ ಕೈಗೆ ಬಂದರೆ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿ.ಇ.ಗೆ ನೇರ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಆದರೆ ಅದನ್ನು ಈಗಲೇ ತಲೆಗೆ ಹಾಕಿಕೊಳ್ಳಬೇಡಿ. ಅದು ಆಮೇಲಿನ ಮಾತು.

ಈಗ ಮಾಡಬೇಕಾದ ಕೆಲಸ ಓದುವುದೂ ಅಲ್ಲ, ಕೇಳುವುದು. ನಿಮ್ಮ ಬ್ಯಾಚಿನವರಿಗೆ ಇನ್ನೂ ಪರೀಕ್ಷೆಗೆ ಅವಕಾಶ ಇದೆಯಾ? ಸಿಲಬಸ್ ಬದಲಾಗಿದ್ದರೆ ಯಾವ ಪೇಪರ್ ಬರೀಬೇಕು? ಫೀಸು ಎಷ್ಟು, ಕೊನೇ ದಿನ ಯಾವುದು? ಇದಕ್ಕೆ ಉತ್ತರ ಕಾಲೇಜಿನ ಆಫೀಸಿನಲ್ಲಿ ಸಿಗುತ್ತದೆ.

ಕೌಂಟರ್ ಮುಂದೆ ನಿಂತು ಕೇಳುವುದು ಸಣ್ಣ ಕೆಲಸ ಅನಿಸಬಹುದು. ಯಶವಂತಪುರದ ಕಡೆ ಹೋಗುವಾಗ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಕಾಂಪೌಂಡ್ ನೋಡಿರುತ್ತೀರಿ, ಅಲ್ವಾ? ಜಮ್‌ಷೆಡ್‌ಜಿ ಟಾಟಾ ಅವರಿಗೆ ಅಂಥದ್ದೊಂದು ಸಂಸ್ಥೆ ಕಟ್ಟುವ ಆಸೆ ಇತ್ತು. ಅವರು 1904ರಲ್ಲೇ ತೀರಿಕೊಂಡರು, ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಅವರ ಆಸೆಯನ್ನು ಹೊತ್ತು ತಿರುಗಿದವರಲ್ಲಿ ಬರ್ಜೋರ್ಜಿ ಪಾದ್‌ಶಾ ಅಂತ ಒಬ್ಬರು. ಅವರು ಮಾಡಿದ್ದೂ ಇದೇ ಕೆಲಸ. ದೇಶ ದೇಶ ಸುತ್ತಿ, ನಿಮ್ಮಲ್ಲಿ ಇಂಥ ಸಂಸ್ಥೆ ಹೇಗೆ ನಡೆಸುತ್ತೀರಿ ಅಂತ ಕೇಳಿಕೊಂಡು ಬಂದರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. ಟ್ರೇನಿಂಗಿನಲ್ಲಿ ತೋರಿಸುವ ದೊಡ್ಡವರ ಫೋಟೋಗಳಲ್ಲಿ ಪಾದ್‌ಶಾ ಅವರದ್ದು ಇರುವುದು ನಾನಂತೂ ನೋಡಿಲ್ಲ.

ಆಫೀಸಿನವರು ‘ಆಗಲ್ಲ, ಟೈಮ್ ಮುಗೀತು’ ಅಂದರೆ? ಆಗಬಹುದು. ಬೇಜಾರಾಗುತ್ತದೆ, ಇಲ್ಲ ಅನ್ನಲ್ಲ. ಆದರೆ ಆರು ವರ್ಷದಿಂದ ಹೊತ್ತು ತಿರುಗಿದ್ದನ್ನು ಕೆಳಗಿಡಬಹುದು. ನಾನು ಕಾದಂಬರಿ ಕೆಳಗಿಟ್ಟ ಮೇಲೆ ಚೆನ್ನಾಗಿ ನಿದ್ದೆ ಬಂತು. ಅದೂ ಸಣ್ಣ ಲಾಭ ಏನಲ್ಲ.

‘ಆಗುತ್ತೆ’ ಅಂದರೆ ಮೇಷ್ಟ್ರ ಡಬ್ಬಿಯಂಥದ್ದು ಒಂದನ್ನು ಹುಡುಕಿಕೊಳ್ಳಿ. ಫಸ್ಟ್ ಶಿಫ್ಟ್ ವಾರ, ರೂಮಿಗೆ ಬಂದು ಯೂನಿಫಾರಂ ನೆನೆ ಹಾಕಿದ ಕೂಡಲೇ ಅರ್ಧ ಗಂಟೆ ಮ್ಯಾಥ್ಸ್. ಆ ಹೊತ್ತಿಗೆ ಉಳಿದವರು ಇನ್ನೂ ಬಂದಿರುವುದಿಲ್ಲ ಅಂತ ನೀವೇ ಬರೆದಿದ್ದೀರಿ. ನೈಟ್ ಶಿಫ್ಟ್ ವಾರ ಪುಸ್ತಕ ಮುಟ್ಟಬೇಡಿ, ಮಲಗಿ. ರೂಮಿನವರಿಗೆ ಈಗಲೇ ಏನೂ ಹೇಳಬೇಡಿ. ಮೈಸೂರು ಪಾಕ್ ತರುವ ದಿನ ಹೇಳಿದರೆ ಸಾಕು.

ಅಂದಹಾಗೆ, ಹಳೇ ಮಾರ್ಕ್ಸ್ ಕಾರ್ಡುಗಳು ಎಲ್ಲಿವೆ? ಊರಿನ ಟ್ರಂಕಿನಲ್ಲಿದ್ದರೆ ಅಮ್ಮನಿಗೆ ಇವತ್ತೇ ಫೋನ್ ಮಾಡಿ ತೆಗೆದಿಡಲು ಹೇಳಿ. ಮೂಲೆಗಳನ್ನು ಇಲಿ ಕಡಿದಿದ್ದರೂ ಪರವಾಗಿಲ್ಲ, ರಿಜಿಸ್ಟರ್ ನಂಬರ್ ಓದಲು ಬಂದರೆ ಸಾಕು. ದೀಪಾವಳಿಗೆ ಊರಿಗೆ ಹೋಗ್ತೀನಿ ಅಂದಿದ್ದೀರಿ. ಹಬ್ಬದ ದಿನ ಕಾಲೇಜಿನ ಆಫೀಸಿಗೆ ಬೀಗ ಇರುತ್ತದೆ. ಎರಡು ದಿನ ಮೊದಲೇ ರಜೆ ಹೇಳಿ, ಎಂಟನೇ ಮೈಲಿಯಲ್ಲಿ ರಾತ್ರಿ ಬಸ್ ಹತ್ತಿ. ಅವರು ಏನಂದರು ಅಂತ ನಮಗೂ ಎರಡು ಸಾಲು ಬರೀರಿ.

— ಸಂಪಾದಕ